ಹರ್ಮನ್ ಮೋಗ್ಲಿಂಗ್: ಧರ್ಮಪ್ರಚಾರಕನ ಕನ್ನಡ ಕಾಯಕ

ಮಿಶನರಿಗಳ ಕನ್ನಡ ಸೇವೆಯನ್ನು ಕುರಿತ ನಮ್ಮ ಬರಹಗಳಲ್ಲಿ ಬಹುಮಟ್ಟಿಗೆ ಕೃತಜ್ಞತೆಯ ಧಾಟಿ ಇರುತ್ತದೆ, ಇಲ್ಲವೆ ಸಂಶಯದ ಧಾಟಿ ಇರುತ್ತದೆ. ಹರ್ಮನ್ ಮೋಗ್ಲಿಂಗರ ಬಾಳು ಇವೆರಡಕ್ಕೂ ಸುಲಭವಾಗಿ ಒಗ್ಗುವಂಥದಲ್ಲ.

೧೮೧೧ರಲ್ಲಿ ಜರ್ಮನಿಯ ಬ್ರಾಕೆನ್‌ಹೈಮ್‌ನಲ್ಲಿ ಜನಿಸಿದ ಮೋಗ್ಲಿಂಗರು ಟ್ಯೂಬಿಂಗೆನ್‌ನಲ್ಲಿ ದೇವತಾಶಾಸ್ತ್ರವನ್ನು ವ್ಯಾಸಂಗ ಮಾಡಿ, ೧೮೩೬ರಲ್ಲಿ ಬಾಸೆಲ್ ಮಿಶನ್ನಿನ ಪರವಾಗಿ ಮಂಗಳೂರಿಗೆ ಬಂದರು. ಮಿಶನ್ನು ಅಲ್ಲಿ ಕಾಲೂರಿ ಆಗ ಎರಡೇ ವರ್ಷಗಳಾಗಿದ್ದವು. ಜನರ ನುಡಿಯನ್ನರಿಯದೆ ಅವರ ಮನಸ್ಸನ್ನು ಮುಟ್ಟಲಾಗದೆಂದು ಮನಗಂಡ ಅವರು ಕನ್ನಡವನ್ನು ಶ್ರದ್ಧೆಯಿಂದ ಕಲಿತರು. ೧೮೪೧ರಲ್ಲಿ ಮಂಗಳೂರಿನಲ್ಲಿ ಮಿಶನ್ನಿನ ಕಲ್ಲಚ್ಚಿನ ಮುದ್ರಣಾಲಯವು ಆರಂಭವಾಯಿತು. ಅಲ್ಲಿಂದ ೧೮೪೩ರ ಜುಲೈ ೧ರಂದು ಕನ್ನಡದ ಮೊದಲ ಪತ್ರಿಕೆಯೆನಿಸಿದ 'ಮಂಗಳೂರ ಸಮಾಚಾರ'ವನ್ನು ಅವರು ಹೊರತಂದರು. ಮರುವರ್ಷ ಈ ಪಾಕ್ಷಿಕವು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು.

ಅದೇ ೧೮೪೪ರಲ್ಲಿ ಆನಂದರಾವ್ ಕೌಂಡಿನ್ಯರೇ ಮೊದಲಾದ ಬ್ರಾಹ್ಮಣ ತರುಣರು ದೀಕ್ಷಾಸ್ನಾನ ಪಡೆದಾಗ ಪಟ್ಟಣವು ಕ್ಷೋಭೆಗೊಂಡಿತು. ಒಂದು ಮನೆಯ ಮಗನು ಮತಾಂತರಗೊಂಡಾಗ ಆ ಮನೆಯು ಅನುಭವಿಸಿದ ನೋವನ್ನು ಮಿಶನ್ನಿನ ಇತಿಹಾಸವನ್ನು ಬರೆಯುವವರು ಮರೆಯಲಾಗದು.

ಮೋಗ್ಲಿಂಗರ ಮಹತ್ತ್ವದ ಕಾರ್ಯವೆಂದರೆ ೧೮೪೮ರಿಂದ ೧೮೫೩ರವರೆಗೆ ಪ್ರಕಟವಾದ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆ. ನಿವೃತ್ತ ನ್ಯಾಯಾಧೀಶ ಕಾಸಾಮೇಜರರ ಧನಸಹಾಯದಿಂದ ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಮುಂತಾದವು ಓಲೆಗರಿಗಳಿಂದ ಅಚ್ಚಿಗೆ ಬಂದವು. ಈ ಕೃತಿಗಳಲ್ಲಿ ಬೆಳೆದು ನಿಂತ ಶ್ರದ್ಧೆಯನ್ನು ಬದಲಿಸುವುದೇ ಅವರ ವೃತ್ತಿಯ ಗುರಿಯಾಗಿತ್ತು. ಎದುರು ಪಕ್ಷದ ಮನಸ್ಸನ್ನು ಅರಿಯಲೆಂದು ಕೂಡಿಸಿದ ಗ್ರಂಥಗಳೆಂದು ಇವನ್ನು ಕಾಣಬಹುದು. ಆದರೆ ಅಚ್ಚಾದ ಗ್ರಂಥವು ಅಚ್ಚು ಹಾಕಿಸಿದವನ ಉದ್ದೇಶಕ್ಕೆ ಕಟ್ಟುಬೀಳುವುದಿಲ್ಲ. ವೀರಶೈವರೂ ಹರಿದಾಸ ಸಾಹಿತ್ಯದ ಆಸಕ್ತರೂ ಆ ಪುಟಗಳಲ್ಲಿ ತಮ್ಮ ಪರಂಪರೆಯನ್ನೇ ಓದಿಕೊಂಡರು. ಗ್ರಂಥಸಂಪಾದನೆಗೆ ಒಂದು ಮೆಟ್ಟಿಲು ದೊರೆಯಿತು.

ಮುಂದೆ ಮೋಗ್ಲಿಂಗರು ಕಾವೇರಿಯ ತವರಾದ ಕೊಡಗಿನಲ್ಲಿ ನೆಲಸಿದರು. ಅಲ್ಲಿ ದೀಕ್ಷೆ ಪಡೆದ ಹೊಲೆಯ ಕುಟುಂಬಗಳಿಗಾಗಿ ಆನಂದಪುರವೆಂಬ ಊರು ನೆಲೆಗೊಂಡಿತು. ಜೀತದ ಬಾಳನ್ನು ಕಂಡವರಿಗೆ ಸ್ವಂತ ನೆಲೆಯೆಂಬುದು ಸಾಮಾನ್ಯ ಸಂಗತಿಯಲ್ಲ. ಕೊಡಗಿನ ಚರಿತ್ರೆ ಹಾಗೂ ಜನಜೀವನವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥವು ೧೮೫೫ರಲ್ಲಿ ಪ್ರಕಟವಾಯಿತು. ೧೮೫೮ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ೧೮೬೦ರಲ್ಲಿ ಸ್ವದೇಶಕ್ಕೆ ಮರಳಿದ ಅವರು ೧೮೮೧ರಲ್ಲಿ ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು.

ಇಂದು ಜುಲೈ ೧ನ್ನು ಕನ್ನಡ ನಾಡು ಪತ್ರಿಕಾ ದಿನವಾಗಿ ಆಚರಿಸುತ್ತದೆ. ಮೋಗ್ಲಿಂಗರು ಸಾಧನವೆಂದು ಬಗೆದ ಕನ್ನಡವೇ ಅವರ ಹೆಸರನ್ನು ಉಳಿಸಿದೆ. ಅವರ ಉದ್ದೇಶವನ್ನು ಮರೆಮಾಚದೆ, ಅವರ ಶ್ರಮವನ್ನೂ ಅಲ್ಲಗಳೆಯದೆ ಅಧ್ಯಯನ ನಡೆಸುವುದು ಕನ್ನಡ ವಿದ್ಯಾರ್ಥಿಗಳಾದ ನಮ್ಮ ಕರ್ತವ್ಯವಾಗಿದೆ.