ರುಮಾಲೆಯವರ ಹೂವಿನ ಪಂಚಾಂಗ

ನಾಗಪುರದ ಸದರ್‌ನಲ್ಲಿ ಬೇಸಿಗೆ ಬಂತೆಂದು ಮೊದಲು ಹೇಳುವುದು ಕೂಲರ್‌ಗಳು. ಮಾರ್ಚ್ ಹತ್ತಿರವಾಗುತ್ತಿದ್ದಂತೆ ರೆಸಿಡೆನ್ಸಿ ರಸ್ತೆಯ ಹಿಂದಿನ ನಮ್ಮ ಓಣಿಯಲ್ಲಿ ಕಿಟಕಿ ಕಿಟಕಿಗೂ ತಗಡಿನ ಕೂಲರ್ ಏರುತ್ತದೆ. ಹಳೆಯ ಹುಲ್ಲು ಕಿತ್ತು ಹೊಸ ಲಾವಂಚ ತುಂಬುತ್ತಾರೆ. ಪಂಪು ನೀರೆತ್ತಿದ ಮೊದಲ ದಿನ ಓಣಿಯೆಲ್ಲ ಒದ್ದೆ ಬೇರಿನ ವಾಸನೆ. ಅಲ್ಲಿಂದ ಜೂನ್ ಮಳೆಯವರೆಗೆ ಮಧ್ಯಾಹ್ನ ಹೊರಗೆ ಕಾಲಿಡಲು ಮನಸ್ಸಾಗುವುದಿಲ್ಲ. ಮೇ ಕೊನೆಯ ನೌತಪಾ ದಿನಗಳಲ್ಲಂತೂ ಉಷ್ಣಾಂಶ 45 ಡಿಗ್ರಿ ದಾಟಿದರೂ ಇಲ್ಲಿ ಅದು ಸುದ್ದಿಯೇ ಅಲ್ಲ.

ಇದೇ ಮಾರ್ಚ್‌ನಲ್ಲಿ ದೊಡ್ಡಬಳ್ಳಾಪುರದಿಂದ ಅಪ್ಪನ ಫೋನು ಬರುತ್ತದೆ. ಅವರು ಮಾತು ಶುರುಮಾಡುವುದೇ ಹೂವಿನ ಸುದ್ದಿಯಿಂದ. ಮನೆ ಮುಂದಿನ ಹೊಂಗೆ ಚಿಗುರಿತು, ಬೆಂಗಳೂರಿಗೆ ಹೋದಾಗ ಕಬ್ಬನ್ ಪಾರ್ಕ್‌ನಲ್ಲಿ ಟಬೆಬುಯಾ ಮೈತುಂಬ ಬಿಟ್ಟಿತ್ತು, ಜಕರಂಡ ಇನ್ನೇನು ಶುರು. ಬರುತ್ತೀಯಾ ಎಂದು ಅವರು ಕೇಳುವುದಿಲ್ಲ. ಆದರೂ ನಾನು ಉತ್ತರ ಕೊಡುತ್ತೇನೆ, ಮುಂದಿನ ವರ್ಷ ಖಂಡಿತ ಎಂದು. ಮಾರ್ಚ್ ಎಂದರೆ ನಮಗೆ ಆರ್ಥಿಕ ವರ್ಷದ ಕೊನೆ. ಬೆಳಿಗ್ಗೆ ಕಸ್ತೂರ್‌ಚಂದ್ ಪಾರ್ಕ್ ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಖಾಪರಿಯಲ್ಲಿ ಇಳಿದು ಮಿಹಾನ್‌ನ ಆಫೀಸು ಸೇರಿದರೆ, ಮರಳುವಾಗ ಕತ್ತಲು. ಹೀಗೆ ಐದು ಮಾರ್ಚ್ ಕಳೆದಿವೆ.

ಅಪ್ಪನಿಗೆ ಈ ಹೂವಿನ ಹುಚ್ಚು ಹತ್ತಿಸಿದವರು ನಮ್ಮೂರಿನವರೇ ಆದ ಕಲಾವಿದ ರುಮಾಲೆ ಚನ್ನಬಸವಯ್ಯ. ಅವರು ತೀರಿಕೊಂಡದ್ದು 1988ರಲ್ಲಿ, ನಾನು ಹುಟ್ಟುವ ಮೊದಲು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಮಗ್ಗಕ್ಕೆ ರಜೆ ಹಾಕಿ, ಬೆಂಗಳೂರಿನಲ್ಲಿ ನಡೆದಿದ್ದ ಪ್ರದರ್ಶನವೊಂದರಲ್ಲಿ ಅವರ ಚಿತ್ರ ತೋರಿಸಲು ಕರೆದುಕೊಂಡು ಹೋಗಿದ್ದರು. ನಮ್ಮದು ವಿದ್ಯುತ್ ಮಗ್ಗದ ಮನೆ. ಅಪ್ಪ ಚಿತ್ರವನ್ನೂ ಸೀರೆಯಂತೆಯೇ ನೋಡಿದರು. ನೇರಳೆ ಹೂವಿನ ಮರದ ಮುಂದೆ ನಿಂತು, ಇಲ್ಲಿರುವುದು ನೇರಳೆ ಬಣ್ಣವಲ್ಲ, ಪಕ್ಕಪಕ್ಕದಲ್ಲಿ ಇಟ್ಟ ನೀಲಿ ಮತ್ತು ಗುಲಾಬಿ ಎಂದು ಬೆರಳು ಮಾಡಿ ತೋರಿಸಿದರು. ಹಾಸಿಗೊಂದು ಬಣ್ಣ, ಹೊಕ್ಕಿಗೊಂದು ಬಣ್ಣದ ರೇಷ್ಮೆ ಹಾಕಿದರೆ ಸೀರೆ ಮಿನುಗುವುದು ಹೀಗೇ ಎಂದರು. ಚಿತ್ರ ನೋಡುವುದು ಹೇಗೆ ಎಂಬುದರಲ್ಲಿ ನನಗೆ ಸಿಕ್ಕ ಪಾಠ ಅದೊಂದೇ.

ರುಮಾಲೆಯವರು ಹುಟ್ಟಿದ್ದು 1910ರಲ್ಲಿ, ದೊಡ್ಡಬಳ್ಳಾಪುರದಲ್ಲಿ. ಅವರ ಬದುಕಿನ ಒಂದು ಎಳೆ ನಾನಿರುವ ಈ ಊರಿಗೂ ಬಂದು ಸೇರುತ್ತದೆ ಎಂಬುದು ನನಗೆ ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಸದರ್‌ನ ಮಗ್ಗುಲಲ್ಲೇ ಸಿವಿಲ್ ಲೈನ್ಸ್ ಇದೆ. ಬ್ರಿಟಿಷ್ ಅಧಿಕಾರಿಗಳ ಬಂಗಲೆಗಳಿದ್ದ ಆ ಬಡಾವಣೆಗೆ ತ್ರಿವರ್ಣ ಧ್ವಜ ಹಿಡಿದು ಹೋಗುವುದನ್ನು 1923ರಲ್ಲಿ ಸರ್ಕಾರ ತಡೆಯಿತು. ಮೇ ತಿಂಗಳ ಸುಡುಬಿಸಿಲಿನಲ್ಲಿ ಶುರುವಾದ ಧ್ವಜ ಸತ್ಯಾಗ್ರಹ ಆಗಸ್ಟ್‌ವರೆಗೆ ನಡೆಯಿತು. ದೇಶದ ನಾನಾ ಕಡೆಯಿಂದ ಬಂದ ಸಾವಿರಕ್ಕೂ ಹೆಚ್ಚು ಜನ ಜೈಲು ಸೇರಿದರು. ಅವರಲ್ಲಿ ಡಾ. ಎನ್.ಎಸ್. ಹರ್ಡೀಕರ್ ಮತ್ತು ಅವರ ಹುಬ್ಬಳ್ಳಿಯ ಸ್ವಯಂಸೇವಕರೂ ಇದ್ದರು. ಜೈಲಿನಲ್ಲಿ ಕ್ಷಮೆ ಕೇಳದೆ ನಿಂತ ಆ ತಂಡದ ಶಿಸ್ತನ್ನು ಕಂಡೇ ಅದೇ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಹಿಂದುಸ್ತಾನಿ ಸೇವಾದಳ ಕಟ್ಟುವ ತೀರ್ಮಾನವಾಯಿತು. ಆಗ ರುಮಾಲೆಯವರು ಹದಿಮೂರರ ಹುಡುಗ. ಮುಂದೆ ತನ್ನ ಕುಂಚವನ್ನು ಎಷ್ಟೋ ವರ್ಷ ಬದಿಗಿಡಿಸುವ ಸಂಘಟನೆಯೊಂದರ ಬೀಜ ಇಲ್ಲಿ ಬಿದ್ದದ್ದು ಅವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ.

ಹುಡುಗನ ಆಸೆ ಇದ್ದದ್ದು ಚಿತ್ರದಲ್ಲಿ. ಬೆಂಗಳೂರಿನಲ್ಲಿ ಎ.ಎನ್. ಸುಬ್ಬರಾಯರು 1919ರಲ್ಲಿ ಆರಂಭಿಸಿದ್ದ ಕಲಾಮಂದಿರ ಸೇರಿ ಕಲಿತರು. ಬಳಿಕ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೂ ಹೋದರು. ಆದರೆ ಅದು ಗಾಂಧೀಜಿಯ ಕರೆಗೆ ಮನೆಮನೆಯ ಹುಡುಗರು ಬೀದಿಗಿಳಿದಿದ್ದ ಕಾಲ. ರುಮಾಲೆಯವರೂ ಇಳಿದರು. ಖಾದಿ ತೊಟ್ಟರು, ಚಳವಳಿಯಲ್ಲಿ ದುಡಿದರು, ಸೇವಾದಳದ ಕೆಲಸ ಹೊತ್ತುಕೊಂಡರು. ಸ್ವಾತಂತ್ರ್ಯ ಬಂದ ಮೇಲೂ ಸಾರ್ವಜನಿಕ ಕೆಲಸ ಅವರನ್ನು ಬಿಡಲಿಲ್ಲ. ವಿಧಾನ ಪರಿಷತ್ತಿನ ಸದಸ್ಯರಾದರು, ‘ತಾಯಿನಾಡು’ ಪತ್ರಿಕೆಯ ಸಂಪಾದಕರಾದರು. ಚಿತ್ರಕಲೆ ಹಿಂದೆ ಹಿಂದೆ ಸರಿಯುತ್ತ ಹೋಯಿತು. ಯಾರೂ ಅದನ್ನು ಕಿತ್ತುಕೊಳ್ಳಲಿಲ್ಲ. ಒಂದು ಜವಾಬ್ದಾರಿ ಮುಗಿಯುವಷ್ಟರಲ್ಲಿ ಇನ್ನೊಂದು ಬಂದು ಕೂತುಕೊಳ್ಳುತ್ತಿತ್ತು, ಅಷ್ಟೇ. ದೂರದ ಊರಿನಲ್ಲಿ ಕೆಲಸ ಮಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1962ರಲ್ಲಿ, ಐವತ್ತೆರಡರ ವಯಸ್ಸಿನಲ್ಲಿ, ಅವರು ಪತ್ರಿಕೆ, ರಾಜಕೀಯ ಎಲ್ಲ ಬಿಟ್ಟು ಪೂರ್ತಿಯಾಗಿ ಚಿತ್ರಕ್ಕೆ ಮರಳಿದರು. ಸರ್ಕಾರಿ ನೌಕರರು ನಿವೃತ್ತಿಯ ಲೆಕ್ಕ ಹಾಕುವ ವಯಸ್ಸು ಅದು. ಪರಿಚಯ, ಪ್ರಭಾವ ಎಲ್ಲ ಕೈಯಲ್ಲಿದ್ದವರು ಅದನ್ನೇ ನೆಚ್ಚಿಕೊಂಡು ಇನ್ನಷ್ಟು ವರ್ಷ ಕಳೆಯಬಹುದಿತ್ತು. ಅವರು ಬಣ್ಣದ ಪೆಟ್ಟಿಗೆ ಎತ್ತಿಕೊಂಡು ಮರಗಳನ್ನು ಹುಡುಕಿ ಹೊರಟರು.

ಹೋದದ್ದು ಬಹಳ ದೂರವೇನಲ್ಲ. ಬೆಂಗಳೂರಿನ ಲಾಲ್‌ಬಾಗ್, ಕಬ್ಬನ್ ಪಾರ್ಕ್, ಸಾಲುಮರದ ರಸ್ತೆಗಳು. ಆ ಊರಿನಲ್ಲಿ ಅವರಿಗಾಗಿಯೇ ಎಂಬಂತೆ ಒಂದು ಪಂಚಾಂಗ ಮೊದಲೇ ಸಿದ್ಧವಾಗಿತ್ತು. ಅದನ್ನು ಬರೆದವರು ಜರ್ಮನಿಯ ತೋಟಗಾರಿಕಾ ತಜ್ಞ ಜಿ.ಎಚ್. ಕ್ರುಂಬಿಗಲ್. 1908ರಿಂದ 1932ರವರೆಗೆ ಲಾಲ್‌ಬಾಗ್‌ನ ಹೊಣೆ ಹೊತ್ತಿದ್ದ ಅವರು ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸುವಾಗ ಒಂದು ಉಪಾಯ ಮಾಡಿದರು. ಒಂದು ಜಾತಿಯ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷದ ಯಾವ ತಿಂಗಳಲ್ಲೂ ಊರು ಬರಿದಾಗಿ ಕಾಣಬಾರದು. ಅದಕ್ಕೇ ದಕ್ಷಿಣ ಅಮೆರಿಕದ ಜಕರಂಡ, ಟಬೆಬುಯಾ, ಮಡಗಾಸ್ಕರ್ ಮೂಲದ ಗುಲ್‌ಮೊಹರ್ ಎಲ್ಲ ನಮ್ಮ ಹೊಂಗೆ, ಕಕ್ಕೆಗಳ ಜೊತೆ ಅಲ್ಲಿ ಸಾಲಾಗಿ ನಿಂತಿವೆ.

ರುಮಾಲೆಯವರು ಈ ಪಂಚಾಂಗವನ್ನು ಮನೆಯಲ್ಲಿ ಕೂತು ಓದಲಿಲ್ಲ. ಫೋಟೊ ಇಟ್ಟುಕೊಂಡು ಬಿಡಿಸುವುದು ಅವರ ದಾರಿಯಲ್ಲ, ಮರದ ಎದುರು ಕೂತು ಬಿಡಿಸುವುದೇ ಅವರ ದಾರಿ. ಚಳಿ ಇಳಿಯುವಾಗ ಎಲೆಯುದುರಿದ ಕೊಂಬೆಗಳ ಮೇಲೆ ಹಳದಿ ಟಬೆಬುಯಾ, ಆಮೇಲೆ ನೇರಳೆ ಜಕರಂಡ, ಬಿಸಿಲೇರಿದಾಗ ಕೆಂಪು ಗುಲ್‌ಮೊಹರ್. ಹೂವು ಮೈತುಂಬ ಇರುವುದು ಎಷ್ಟು ದಿನ? ಟಬೆಬುಯಾಗಾದರೆ ಹೆಚ್ಚೆಂದರೆ ಎರಡು ವಾರ. ನಡುವೆ ಒಂದು ಜೋರು ಮಳೆ ಬಿದ್ದರೆ ಮರುದಿನ ಮರದ ಬಣ್ಣವೆಲ್ಲ ನೆಲದ ಮೇಲೆ. ಅದರಲ್ಲೂ ಬೆಳಿಗ್ಗೆಯ ಬೆಳಕಿನಲ್ಲಿ ಶುರುಮಾಡಿದ ಚಿತ್ರವನ್ನು ಮಧ್ಯಾಹ್ನದ ಬೆಳಕಿನಲ್ಲಿ ಮುಂದುವರಿಸುವಂತಿಲ್ಲ. ಅದೇ ಜಾಗಕ್ಕೆ ಅದೇ ಹೊತ್ತಿಗೆ ಮತ್ತೆ ಹೋಗಬೇಕು. ಹಾಗಾಗಿ ಸ್ಥಳದಲ್ಲೇ ಚಿತ್ರ ಬಿಡಿಸುವವನಿಗೆ ಋತು ಬರೀ ವಿಷಯವಲ್ಲ, ಅದೇ ಯಜಮಾನ. ಕರೆದಾಗ ಹೋಗಬೇಕು, ಇಲ್ಲವಾದರೆ ಒಂದು ವರ್ಷ ಕಾಯಬೇಕು. ಐವತ್ತೆರಡರಲ್ಲಿ ಶುರುಮಾಡಿದವರಿಗೆ ಒಂದು ವರ್ಷದ ಬೆಲೆ ಎಷ್ಟೆಂದು ಬೇರೆ ಹೇಳಬೇಕೆ?

ಅವರ ಹೂಮರಗಳಲ್ಲಿ ಕಾಣುವ ಆತುರ ಇದೇ ಇರಬೇಕು ಎಂದು ನನಗೆ ಅನಿಸುತ್ತದೆ. ಬಣ್ಣದ ಸಣ್ಣ ಸಣ್ಣ ಹೊಡೆತಗಳು ಒಂದರ ಪಕ್ಕ ಒಂದು ಒತ್ತಿಕೊಂಡು ಬರುತ್ತವೆ. ನೆರಳಿನಲ್ಲೂ ಬಣ್ಣ, ರಸ್ತೆಯ ಮೇಲೂ ಬಣ್ಣ. ನೋಡಿದವರಿಗೆ ವ್ಯಾನ್ ಗಾಗ್ ನೆನಪಾಗುವುದು ಸಹಜ, ಅನೇಕರು ಹಾಗೆ ಹೋಲಿಸಿಯೂ ಇದ್ದಾರೆ. ಆದರೆ ಆ ಡಚ್ ಕಲಾವಿದ ಮೂವತ್ತೇಳಕ್ಕೇ ತೀರಿಕೊಂಡವರು. ನಮ್ಮ ರುಮಾಲೆ ಆ ವಯಸ್ಸಿನಲ್ಲಿ ಇನ್ನೂ ದೇಶದ ಕೆಲಸದಲ್ಲಿದ್ದರು. ಅವರ ಚಿತ್ರದ ಕಾಲ ಶುರುವಾಗಲು ಮತ್ತೆ ಹದಿನೈದು ವರ್ಷ ಬಾಕಿ ಇತ್ತು.

ಇಲ್ಲಿ ಕಿತ್ತಳೆ ತೋಟವಿರುವ ಸಹೋದ್ಯೋಗಿಯೊಬ್ಬರಿದ್ದಾರೆ. ಊರು ನಾಗಪುರದ ಹತ್ತಿರದ ಕಾಟೋಲ್ ಕಡೆ. ಅವರಿಂದ ತಿಳಿದ ಸಂಗತಿ ಇದು. ನಾಗಪುರದ ಕಿತ್ತಳೆಗೆ ಎರಡು ಹೂಗಾಲ. ಚಳಿಗಾಲ ಕಳೆಯುವಾಗ ಬಿಡುವ ಹೂವು ಅಂಬಿಯಾ ಬಹಾರ್, ಮಳೆ ಬಂದಾಗ ಬಿಡುವುದು ಮೃಗ್ ಬಹಾರ್. ಈ ಮೃಗ ಎಂದರೆ ನಮ್ಮ ಮೃಗಶಿರ ಮಳೆಯೇ. ಅದು ಬೇಕೆಂದರೆ ರೈತರು ಬೇಸಿಗೆಯಲ್ಲಿ ಮರಕ್ಕೆ ನೀರು ನಿಲ್ಲಿಸುತ್ತಾರೆ. ಎಲೆ ಬಾಡುವ ತನಕ ಒಣಗಿಸುತ್ತಾರೆ. ಜೂನ್‌ನಲ್ಲಿ ಮಳೆ ಬಿದ್ದದ್ದೇ ತಡ, ಬಾಡಿದ ಮರ ಒಮ್ಮೆಲೇ ಮೊಗ್ಗೊಡೆಯುತ್ತದೆ.

ಇದನ್ನು ಕೇಳಿದ ದಿನ ನನಗೆ ರುಮಾಲೆಯವರು ನೆನಪಾದರು. ಅಷ್ಟು ವರ್ಷ ನೀರಿಲ್ಲದೆ ನಿಂತ ಮರ ಐವತ್ತೆರಡಕ್ಕೆ ಹೂಬಿಟ್ಟಿತು ಎಂದು ಖುಷಿಪಟ್ಟೆ. ನಮ್ಮಂಥವರ ಮುಂದೂಡಿಕೆಗೂ ಅದೊಂದು ಒಳ್ಳೆಯ ಸಮಾಧಾನ. ಆದರೆ ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಕಿತ್ತಳೆಗೆ ನೀರು ನಿಲ್ಲಿಸುವುದು ಲೆಕ್ಕ ಹಾಕಿ, ಮಳೆ ಬರುತ್ತದೆಂಬ ನಂಬಿಕೆಯಿಂದ. ಜಾಸ್ತಿ ಒಣಗಿಸಿದರೆ ಮರವೇ ಹೋಗುತ್ತದೆ ಎಂದೂ ಆ ಸಹೋದ್ಯೋಗಿ ಎಚ್ಚರಿಸಿದ್ದರು. ರುಮಾಲೆಯವರು ಮರಳಿ ಬಂದರು ಎನ್ನುವುದು ದೊಡ್ಡದು. ಬಂದ ಮೇಲೆ ಯಾವ ಮಾರ್ಚನ್ನೂ ಮುಂದಿನ ವರ್ಷಕ್ಕೆ ತಳ್ಳುವ ದಾರಿ ಅವರಿಗಿರಲಿಲ್ಲ ಎನ್ನುವುದು ಅದಕ್ಕಿಂತ ದೊಡ್ಡದು.

ಅವರಿಗೆ ಸಿಕ್ಕದ್ದು ಸುಮಾರು ಇಪ್ಪತ್ತೈದು ವರ್ಷ, ಅಂದರೆ ಇಪ್ಪತ್ತೈದು ಜಕರಂಡ, ಇಪ್ಪತ್ತೈದು ಗುಲ್‌ಮೊಹರ್. ಆ ಅವಧಿಯಲ್ಲಿ ಅವರು ತೈಲವರ್ಣದಲ್ಲೂ ಜಲವರ್ಣದಲ್ಲೂ ಬೆಂಗಳೂರಿನ ಹೂಗಾಲಗಳನ್ನು ಬಿಡಿಸಿಟ್ಟು ಹೋದರು. ಅವರ ನಂತರ ಊರು ಬೆಳೆಯಿತು. ರಸ್ತೆ ಅಗಲವಾದವು, ಮೇಲ್ಸೇತುವೆಗಳು ಬಂದವು, ಸಾಲುಮರಗಳು ಎಷ್ಟೋ ಹೋದವು. ಅವರು ಹಿಡಿದಿಟ್ಟ ಬೆಂಗಳೂರು ಇಂದು ಕೆಲವು ಕಡೆ ಅವರ ಚಿತ್ರದಲ್ಲಿ ಮಾತ್ರ ಉಳಿದಿದೆ. ತಾನು ದಾಖಲೆ ಮಾಡುತ್ತಿದ್ದೇನೆ ಎಂದುಕೊಂಡು ಅವರು ಕೂತಿರಲಾರರು. ಈ ವರ್ಷದ ಹೂವು ಈ ವಾರವೇ ಇದೆ ಎಂದು ಕೂತಿದ್ದರು, ಅದೇ ದಾಖಲೆಯಾಯಿತು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನನ್ನು ಕಣ್ಣಿನ ತಪಾಸಣೆಗೆ ಕರೆದೊಯ್ದಿದ್ದೆ. ಗ್ಲಾಕೋಮಾ ಎಂದರು. ಅಂಚಿನಿಂದ ದೃಷ್ಟಿ ಕಿರಿದಾಗುತ್ತ ಬರುವ ಕಾಯಿಲೆ. ಹನಿ ಔಷಧದಿಂದ ಇದ್ದುದನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ. ಅಪ್ಪ ಅಷ್ಟು ತಲೆಕೆಡಿಸಿಕೊಂಡಂತೆ ಕಾಣಲಿಲ್ಲ. ದಾರದ ಬಣ್ಣ ಇನ್ನೂ ಚೆನ್ನಾಗಿ ಗುರುತು ಹಿಡಿಯುತ್ತೇನೆ, ಪಕ್ಕದಲ್ಲಿ ಬರುವ ಸ್ಕೂಟರ್ ಮಾತ್ರ ಕಾಣುವುದಿಲ್ಲ ಎಂದು ನಕ್ಕರು. ಬೆಂಗಳೂರಿಗೆ ಒಬ್ಬರೇ ಹೋಗುವುದನ್ನು ಬಿಟ್ಟಿದ್ದಾರೆ ಎಂದು ಅಮ್ಮ ಆಮೇಲೆ ಹೇಳಿದಳು.

ಮೊನ್ನೆ ಅಪ್ಪನ ಫೋನು ಬಂತು. ಹೊಂಗೆ ಚಿಗುರಿದೆ. ಟಬೆಬುಯಾ ಬಿಟ್ಟಿದೆಯಂತೆ, ಯಾರೋ ಹೇಳಿದರು ಎಂದರು. ಪ್ರತಿ ವರ್ಷ ತಾವೇ ನೋಡಿಬಂದು ಹೇಳುತ್ತಿದ್ದ ಸುದ್ದಿ ಈ ಸಲ ಬೇರೆಯವರ ಬಾಯಿಂದ ಅವರಿಗೆ ಬಂದಿತ್ತು. ನಾನು ಮುಂದಿನ ವರ್ಷ ಎನ್ನಲಿಲ್ಲ. ಮ್ಯಾನೇಜರ್‌ಗೆ ಮೇಲ್ ಹಾಕಿ, ಕಾರಣದ ಜಾಗದಲ್ಲಿ ಮನೆಯ ಕೆಲಸ ಎಂದು ಬರೆದೆ. ಹೂವು ನೋಡಲು ರಜೆ ಎಂದು ಬರೆಯುವ ಧೈರ್ಯ ಇನ್ನೂ ಬಂದಿಲ್ಲ.

ಶುಕ್ರವಾರಕ್ಕೆ ಟಿಕೆಟ್ ಆಗಿದೆ. ಶನಿವಾರ ಬೆಳಿಗ್ಗೆ, ಬಿಸಿಲು ಏರುವ ಮೊದಲು, ಅಪ್ಪನನ್ನು ಕಬ್ಬನ್ ಪಾರ್ಕ್‌ಗೆ ಕರೆದುಕೊಂಡು ಹೋಗಬೇಕು. ರಸ್ತೆ ದಾಟುವಾಗ ಅವರ ಪಕ್ಕದ ಕಡೆ ನಾನಿರುತ್ತೇನೆ. ನಡುವೆ ಮಳೆ ಬರದಿದ್ದರೆ ಸಾಕು.