ರಾಸ್ ಕಂಡ ದಾರಿ

ನನ್ನ ಅಜ್ಜಿಯ ತೌರು ಮಲೆನಾಡು. ಅಲ್ಲಿ ಚಳಿಜ್ವರ ಮನೆಮನೆಗೂ ಬಂದುಹೋಗುವ ನಂಟನಂತಿತ್ತಂತೆ. ಆಕೆಯ ಇಬ್ಬರು ತಮ್ಮಂದಿರು ಬಾಲ್ಯದಲ್ಲೇ ಅದಕ್ಕೆ ತುತ್ತಾದರು. ಅದರಿಂದಲೋ ಏನೋ, ಸಾಹಿತ್ಯದ ಅಧ್ಯಾಪಕನಾದ ನನ್ನನ್ನು ರೊನಾಲ್ಡ್ ರಾಸನ ಜೀವನ ಬಹುಕಾಲದಿಂದ ಸೆಳೆದಿದೆ.

ರಾಸ್ ಜನಿಸಿದ್ದು 1857ರಲ್ಲಿ, ಅಲ್ಮೋರದಲ್ಲಿ. ಬಾಲಕನ ಒಲವು ಕಾವ್ಯ, ಸಂಗೀತಗಳತ್ತ. ಸೇನಾಧಿಕಾರಿಯಾದ ತಂದೆಯ ಇಚ್ಛೆ ವೈದ್ಯಕೀಯದತ್ತ. ತಂದೆಯ ಮಾತೇ ನಡೆಯಿತು. 1881ರಲ್ಲಿ ಆತ ಭಾರತದ ವೈದ್ಯಸೇವೆಯನ್ನು ಸೇರಿದ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದಾಗ, ನಿಂತ ನೀರನ್ನು ಚೆಲ್ಲಿಸಿದರೆ ಸೊಳ್ಳೆಗಳು ತಗ್ಗುವುದನ್ನು ಕಂಡುಕೊಂಡ. ಆದರೆ ಸೊಳ್ಳೆಗೂ ಜ್ವರಕ್ಕೂ ಇರುವ ನಂಟು ಆಗಿನ್ನೂ ಆತನಿಗೆ ತಿಳಿದಿರಲಿಲ್ಲ.

1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ, ಹುಸೇನ್ ಖಾನ್ ಎಂಬ ರೋಗಿಯ ರಕ್ತವನ್ನು ಹೀರಿದ ಸೊಳ್ಳೆಯೊಂದರ ಜಠರದ ಭಿತ್ತಿಯಲ್ಲಿ ರಾಸ್ ಮಲೇರಿಯಾ ರೋಗಾಣುವನ್ನು ಕಂಡ. ಮರುವರ್ಷ ಕಲ್ಕತ್ತೆಯಲ್ಲಿ, ಹಕ್ಕಿಗಳ ಮಲೇರಿಯಾವನ್ನು ಪರೀಕ್ಷಿಸುತ್ತ, ರೋಗಾಣು ಸೊಳ್ಳೆಯ ಲಾಲಾಗ್ರಂಥಿಯನ್ನು ಸೇರಿ, ಕಡಿತದೊಡನೆ ಹೊಸ ದೇಹವನ್ನು ಹೊಗುವುದನ್ನು ತೋರಿಸಿದ. ಮನುಷ್ಯರ ಮಲೇರಿಯಾದಲ್ಲಿ ಇದನ್ನೇ ಇಟಲಿಯ ಗ್ರಾಸಿ ಮೊದಲಾದವರು ಸ್ಥಾಪಿಸಿದರು. 1902ರಲ್ಲಿ ರಾಸನಿಗೆ ನೊಬೆಲ್ ಬಹುಮಾನ ದೊರೆಯಿತು. ಸೊಳ್ಳೆಯ ನಿರ್ಮೂಲನವೇ ಪರಿಹಾರವೆಂದು ನಂಬಿ ದುಡಿದ ಆತ 1932ರಲ್ಲಿ ತೀರಿಕೊಂಡ.

ರಾಸ್ ಕಂಡ ಆ ದಾರಿಯಲ್ಲೇ ಇಂದಿನ ಲಸಿಕೆ ಕಾವಲು ನಿಂತಿದೆ. ಚರ್ಮವನ್ನು ಹೊಕ್ಕ ರೋಗಾಣು ಬಹುಬೇಗ ಯಕೃತ್ತಿಗೆ ಧಾವಿಸುತ್ತದೆ. ಅಲ್ಲಿ ಜೀವಕೋಶದೊಳಗೆ ಅಡಗಿತೆಂದರೆ ರಕ್ತದ ಪ್ರತಿಕಾಯಗಳಿಗೆ ಎಟುಕದು. ಬೆಳೆದು ಹೊರಬರುವಾಗ ಅದರ ಹೊದಿಕೆಯೇ ಬೇರೆ. ಆದ್ದರಿಂದ ಲಸಿಕೆಯು ಮೊದಲ ಹೊದಿಕೆಯ ಪ್ರೋಟೀನಿನ ಒಂದು ಭಾಗವನ್ನು ದೇಹಕ್ಕೆ ಮುಂಚೆಯೇ ಪರಿಚಯಿಸುತ್ತದೆ. ದೇಹ ಅದಕ್ಕೆ ಪ್ರತಿಕಾಯಗಳನ್ನು ರೂಪಿಸಿಕೊಂಡು, ರೋಗಾಣುವನ್ನು ದಾರಿಯಲ್ಲೇ ತಡೆಯಲು ಯತ್ನಿಸುತ್ತದೆ. ಆದರೆ ಈ ಪ್ರತಿಕಾಯಗಳು ಕಾಲಕ್ರಮದಲ್ಲಿ ಕ್ಷೀಣಿಸುತ್ತವೆ; ಮಕ್ಕಳಿಗೆ ನಾಲ್ಕು ಬಾರಿ ಲಸಿಕೆ ಕೊಡಬೇಕಾದುದು ಅದಕ್ಕಾಗಿಯೇ. ಆಗಲೂ ರಕ್ಷಣೆ ಪೂರ್ಣವಲ್ಲ, ಸೊಳ್ಳೆಪರದೆಯನ್ನು ಮಡಿಸಿಡುವಂತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮೊದಲ ಲಸಿಕೆಯನ್ನು ಮಕ್ಕಳಿಗೆ ಶಿಫಾರಸು ಮಾಡಿದ್ದು 2021ರಲ್ಲಿ, ಎರಡನೆಯದನ್ನು 2023ರಲ್ಲಿ. ಹಗೆ ಬರುವ ದಾರಿ ತಿಳಿದ ಮೇಲೂ ಅಲ್ಲಿ ಇಂಥ ಕಾವಲು ನಿಲ್ಲಿಸಲು ಒಂದು ಶತಮಾನಕ್ಕೂ ಮಿಕ್ಕ ಕಾಲ ಹಿಡಿಯಿತು. ಅಜ್ಜಿಯ ತಮ್ಮಂದಿರು ಬದುಕಿದ್ದುದು ಆ ನಡುವಣ ಕಾಲದಲ್ಲಿ. ರಾಸನ ಹೆಸರು ಕಿವಿಗೆ ಬಿದ್ದಾಗಲೆಲ್ಲ, ಕಾವಲಿಲ್ಲದ ಆ ದಾರಿಯಲ್ಲಿ ನಿಂತ ಆ ಎರಡು ಮಕ್ಕಳು ನನಗೆ ನೆನಪಾಗುತ್ತಾರೆ.