ಪರಂಗಿಮಲೆಯಿಂದ ಮಂಗಳೂರಿಗೆ

ಅಮೆರಿಕಕ್ಕೆ ವಲಸೆ ಹೋದವರು ಕಾಡು ಕಡಿದು ಪಶ್ಚಿಮಕ್ಕೆ ಸಾಗಿ ನೆಲೆಯೂರಿದ ಕಥೆಯನ್ನು ಸಿನಿಮಾಗಳಲ್ಲಿ ನೋಡಿದ್ದೇವೆ. ಅಲ್ಲಿ ಕುದುರೆ, ಬಂದೂಕು ಕಾಣುತ್ತವೆ. ಸರಪಳಿ ಹಿಡಿದು ನೆಲ ಅಳೆದವನು ಕಾಣುವುದಿಲ್ಲ. ಅಂಥವನೊಬ್ಬ ನಮ್ಮ ಚೆನ್ನೈಗೂ ಬಂದಿದ್ದ: ವಿಲಿಯಂ ಲ್ಯಾಂಬ್ಟನ್.

ಇಂಗ್ಲೆಂಡಿನ ಯಾರ್ಕ್‌ಷೈರ್‌ನವನು, ಸಾಧಾರಣ ಮನೆತನ, ಗಣಿತದಲ್ಲಿ ಚುರುಕು. 1781ರಲ್ಲಿ ಸೈನ್ಯ ಸೇರಿ ಅಮೆರಿಕಕ್ಕೆ ಹೋದ, ಯಾರ್ಕ್‌ಟೌನ್‌ನಲ್ಲಿ ಸೆರೆಸಿಕ್ಕ. ಬಿಡುಗಡೆಯ ನಂತರ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಹೊಸದಾಗಿ ನೆಲೆಸಲು ಬಂದವರಿಗೆ ಜಮೀನು ಅಳೆಯುವ, ಗಡಿ ಗುರುತಿಸುವ ಕೆಲಸ. ಸೂರ್ಯಗ್ರಹಣ ನೋಡಲು ಹೋಗಿ ಒಂದು ಕಣ್ಣಿನ ದೃಷ್ಟಿ ಮಂಜಾಯಿತು. ಆ ನೆಲ ಖಾಲಿಯೇನೂ ಇರಲಿಲ್ಲ. ತಲೆತಲಾಂತರದಿಂದ ಅಲ್ಲಿದ್ದ ಮಾಲಿಸೀಟ್, ಮಿಕ್‌ಮಾಕ್ ಜನ ಹಿಂದೆ ಸರಿಯಬೇಕಾಯಿತು.

ನಮ್ಮಲ್ಲೂ ಅಳತೆ ಬಂದದ್ದು ಯುದ್ಧದ ಹಿಂದೆಯೇ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಲ್ಯಾಂಬ್ಟನ್ ಇದ್ದ. ಒಂದು ರಾತ್ರಿ ದಂಡು ಟಿಪ್ಪುವಿನ ಪಾಳೆಯದ ಕಡೆಗೇ ನಡೆಯುತ್ತಿದೆ ಎಂದು ನಕ್ಷತ್ರ ನೋಡಿ ಎಚ್ಚರಿಸಿದ. ಟಿಪ್ಪು ಮಡಿದ ಮೇಲೆ, ಕರಾವಳಿಯಿಂದ ಕರಾವಳಿಗೆ ಅಳೆಯೋಣ ಎಂಬ ಯೋಜನೆ ಕೊಟ್ಟ. ಶ್ರೀರಂಗಪಟ್ಟಣಕ್ಕೆ ದಾರಿ ಪಲ್ಲಕ್ಕಿ ಹೊರುವವರಿಗೇ ಗೊತ್ತಿರುವಾಗ ಈ ಖರ್ಚೇಕೆ ಎಂದು ಮದ್ರಾಸಿನ ಹಣಕಾಸಿನವರೊಬ್ಬರು ತಗಾದೆ ತೆಗೆದರಂತೆ. ಬಜೆಟ್ ಮೀಟಿಂಗ್‌ನಲ್ಲಿ ಕೂತವರಿಗೆ ಇದು ಹೊಸದೇನಲ್ಲ!

1800ರಲ್ಲಿ ಬೆಂಗಳೂರಿನ ಬಳಿ ಮೊದಲ ಪ್ರಯೋಗ. 1802ರ ಏಪ್ರಿಲ್ 10ರಂದು ಪರಂಗಿಮಲೆಯ, ಅಂದರೆ ಸೇಂಟ್ ಥಾಮಸ್ ಮೌಂಟ್‌ನ ಬಳಿ ನಿಜವಾದ ಆರಂಭ. 100 ಅಡಿಯ ಉಕ್ಕಿನ ಸರಪಳಿಯನ್ನು ಸುಮಾರು 400 ಸಲ ಹಾಸಿ ಏಳೂವರೆ ಮೈಲಿ ಅಳೆಯಲು ಮೇ 22ರವರೆಗೆ ಹಿಡಿಯಿತು. ಕತ್ತಿರಿ ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ಆದ್ದರಿಂದ ನೆರಳು ಹಿಡಿದು, ಉಷ್ಣಾಂಶ ನೋಡಿಕೊಂಡು ಲೆಕ್ಕ. ಆಮೇಲೆ ಸರಪಳಿ ಅಷ್ಟಾಗಿ ಬೇಡ. ತ್ರಿಕೋನದ ಒಂದು ಬಾಹು ಗೊತ್ತಿದ್ದರೆ, ದೂರದ ಗುಡ್ಡದ ಕಡೆಗೆ ಕೋನ ಅಳೆದು ಉಳಿದೆರಡನ್ನೂ ಪಡೆಯಬಹುದು. ಹೀಗೆ ಗುಡ್ಡದಿಂದ ಗುಡ್ಡಕ್ಕೆ ಮೈಸೂರು ಸೀಮೆ ದಾಟಿ ಮಂಗಳೂರು ತಲುಪಿದರು. 400 ಮೈಲಿ ಎಂದುಕೊಂಡಿದ್ದ ಅಗಲ 360 ಅಷ್ಟೇ ಎಂದು ತಿಳಿಯಿತು. ಮಂಗಳೂರಿನಿಂದ ಇಲ್ಲಿಗೆ ಸೊಸೆಯಾಗಿ ಬಂದವರಿಗೆ ತವರು ಕೂತಲ್ಲೇ 40 ಮೈಲಿ ಹತ್ತಿರ!

ಗುಡ್ಡವಿಲ್ಲದ ತಂಜಾವೂರಿನಲ್ಲಿ, 1808ರಲ್ಲಿ, ಅರ್ಧ ಟನ್ ತೂಕದ ಥಿಯೊಡೊಲೈಟನ್ನು ದೊಡ್ಡ ಗುಡಿಯ ಗೋಪುರಕ್ಕೆ ಏರಿಸುವಾಗ ಹಗ್ಗ ಜಾರಿ ಉಪಕರಣ ಜಜ್ಜಿಹೋಯಿತು. ಲ್ಯಾಂಬ್ಟನ್ ಡೇರೆಯೊಳಗೆ ಕೂತು ಆರು ವಾರ ಬಡಿದು, ಎಳೆದು ಸರಿಮಾಡಿದ. ಎಂಜಿನಿಯರ್ ಆಗಿ ನನಗೆ ಆತ ತುಂಬ ಇಷ್ಟವಾಗುವುದು ಇಲ್ಲೇ. ಆದರೆ ಕಂಪನಿಗೆ ನಮ್ಮ ನಾಡಿನ ಉದ್ದಗಲ ಕೈಗೆ ಸಿಕ್ಕಿದ್ದೂ ಇದೇ ತಾಳ್ಮೆಯಿಂದ. ಈ ಎರಡನ್ನೂ ಬಿಡಿಸಿ ನೋಡಲು ನನಗೆ ಆಗುವುದಿಲ್ಲ.

1823ರ ಜನವರಿಯಲ್ಲಿ, 70ರ ಆಸುಪಾಸಿನಲ್ಲಿ, ಸರ್ವೆಯ ಹಾದಿಯಲ್ಲೇ ಹಿಂಗಣಘಾಟ್‌ನಲ್ಲಿ ತೀರಿಕೊಂಡ. ಸಹಾಯಕ ಜಾರ್ಜ್ ಎವರೆಸ್ಟ್ ಕೆಲಸ ಮುಂದುವರಿಸಿದ. ಶಿಖರಕ್ಕೆ ಹೆಸರು ಸಿಕ್ಕಿದ್ದು ಅವನಿಗೆ.